ಸಹಾಯ ಬೇಕು: ಕನ್ನಡ ಬ್ಲಾಗುಗಳಿಗೆ ಅಂಕ ಕೊಡೋದು ಹೇಗೆ?

ಎಲ್ಲರಿಗೂ ನಮಸ್ಕಾರ. ಬಸವನಗುಡಿಯ ನಮ್ಮ ಓದುಗರ ಬಳಗದಿಂದ ವೈಯಕ್ತಿಕ ಬ್ಲಾಗುಗಳ ಸ್ಪರ್ಧೆ ಇಟ್ಟಿದ್ದೇವೆ. ಸದ್ಯಕ್ಕೆ ಬರವಣಿಗೆಗೆ 60, ವಿನ್ಯಾಸಕ್ಕೆ 40 ಅಂಕ. ಗೊತ್ತಿದ್ದವರು ತಿದ್ದಿ.

ವಿನ್ಯಾಸವನ್ನು ಮೊಬೈಲಿನಲ್ಲೇ ನೋಡುತ್ತೇವೆ. ಮೊದಲು ಸಾಲಿನ ಅಂತರ. ಇಂಗ್ಲಿಷಿಗೆಂದು ಮಾಡಿದ ಥೀಮುಗಳಲ್ಲಿ ಇದು ಅಕ್ಷರದ ಗಾತ್ರದ 1.4 ಪಟ್ಟಿನ ಆಸುಪಾಸು ಇದ್ದರೆ ಒತ್ತಕ್ಷರ ಹೋಗಿ ಕೆಳಸಾಲಿನ ಗುಡಿಸಿಗೆ ತಾಗುತ್ತದೆ, 1.7 ಇದ್ದರೆ ಕಣ್ಣಿಗೆ ಹಿತ. ಎರಡೂ ಅಂಚು ಸಮ ಮಾಡಿದ್ದರೆ ಅಂಕ ಕಡಿತ, ಏಕೆಂದರೆ ನಮ್ಮ ಉದ್ದುದ್ದ ಪದಗಳು ಸಣ್ಣ ತೆರೆಯಲ್ಲಿ ಮುರಿಯದೆ ನಡುವೆ ದೊಡ್ಡ ಖಾಲಿ ಜಾಗ ಬೀಳುತ್ತದೆ. ಅಕ್ಷರಕ್ಕೂ ಹಿನ್ನೆಲೆಗೂ ಹೊಳಪಿನ ವ್ಯತ್ಯಾಸ (ಕಾಂಟ್ರಾಸ್ಟ್) ಕನಿಷ್ಠ 4.5:1 ಇರಬೇಕು. (ತಿಳಿಬೂದು ಅಕ್ಷರದ ಮೋಹ ಯಾಕೋ ಬಿಡುತ್ತಿಲ್ಲ!) ಹಳೆಯ ನುಡಿ ಫಾಂಟಿನ ಆಸ್ಕಿ ಪಠ್ಯವನ್ನು (ಆ ಫಾಂಟು ಇದ್ದರಷ್ಟೇ ಕನ್ನಡವಾಗಿ ಕಾಣುವಂಥದ್ದು) ಎಲ್ಲೆಡೆ ಓದಲಾಗುವ ಯೂನಿಕೋಡಿಗೆ ಬದಲಿಸದೆ ಅಂಟಿಸಿದ್ದರೆ ಮೊಬೈಲಿನಲ್ಲಿ ಬರೀ ಗೀಚು. ಅದಕ್ಕೆ ಸೊನ್ನೆ.

ತೊಡಕಿರುವುದು ಬರವಣಿಗೆಯಲ್ಲಿ. ಅಕಾರ-ಹಕಾರ, ಅಲ್ಪಪ್ರಾಣ-ಮಹಾಪ್ರಾಣದ ತಪ್ಪುಗಳನ್ನು ಎಣಿಸಬಹುದು. ಧಾರವಾಡದ ಆಡುಮಾತಿನಲ್ಲಿ ಬರೆದದ್ದನ್ನು ಏನು ಮಾಡೋಣ? ಒಬ್ಬ ತೀರ್ಪುಗಾರರು ಅಶುದ್ಧ ಎಂದು ಅಂಕ ಕಳೆಯುತ್ತಾರೆ, ಇನ್ನೊಬ್ಬರು ಅದೇ ಜೀವಾಳ ಎನ್ನುತ್ತಾರೆ. ಇಬ್ಬರ ನಡುವೆ 15 ಅಂಕಕ್ಕಿಂತ ಹೆಚ್ಚು ಅಂತರ ಬಂದರೆ ಮೂರನೆಯವರಿಂದ ಓದಿಸುವ ಯೋಚನೆಯಿದೆ.

ಒಂದೇ ಬರಹ ನೋಡಿದರೆ ಮೋಸ ಹೋಗುತ್ತೇವೆ. ಹೊಸದೊಂದು, ವರ್ಷ ಹಳೆಯದೊಂದು, ಬರೆದವರೇ ಆರಿಸಿದ್ದೊಂದು, ಹೀಗೆ ಮೂರು ಸಾಕೇ? ಉತ್ತರ ಕರ್ನಾಟಕ ಅಥವಾ ಕರಾವಳಿಯ ಕನ್ನಡ ಬಲ್ಲ ಇಬ್ಬರು ತೀರ್ಪುಗಾರರೂ ಬೇಕು. ಆಗುವವರು ಇಲ್ಲೇ ತಿಳಿಸಿ.