ಅಪ್‌ಡೇಟ್: ಒಂದು ಸ್ತನ ದೊಡ್ಡದು, ಒಂದು ಚಿಕ್ಕದು ಅಂತ ಕೇಳಿದ್ದೆನಲ್ಲ

ಎಡಗಡೆಯ ಸ್ತನ ದೊಡ್ಡದಿದೆ, ಏನು ಮಾಡಲಿ ಅಂತ 20 ದಿನದ ಹಿಂದೆ ಇಲ್ಲಿ ಕೇಳಿದ್ದೆ. ಮೊದಲು ಡಾಕ್ಟರಿಗೆ ತೋರಿಸಿ ಅಂದವರಿಗೆ ತುಂಬಾ ಥ್ಯಾಂಕ್ಸ್. ಅಲ್ಟ್ರಾಸೌಂಡ್ ಮಾಡಿಸಿದೆ, ಗಂಟು ಏನೂ ಇಲ್ಲ. ಸ್ವಲ್ಪ ಹೆಚ್ಚುಕಮ್ಮಿ ತುಂಬಾ ಹೆಂಗಸರಲ್ಲಿ ಇರುತ್ತದಂತೆ, ಅದರಲ್ಲೂ ಎಡಗಡೆಯೇ ದೊಡ್ಡದಿರುವುದು ಜಾಸ್ತಿ. ನನಗಿದು ಗೊತ್ತೇ ಇರಲಿಲ್ಲ! ಆದರೆ ಇದ್ದಕ್ಕಿದ್ದಂತೆ ವ್ಯತ್ಯಾಸ ಕಂಡರೆ ತಡ ಮಾಡಲೇಬೇಡಿ.

ಎಣ್ಣೆ ಮಸಾಜ್‌ನಿಂದ ಏನೂ ಆಗಲಿಲ್ಲ. ವ್ಯಾಯಾಮದಿಂದ ಒಳಗಿನ ಸ್ನಾಯು ಗಟ್ಟಿಯಾಗುತ್ತದೆ ಅಷ್ಟೇ, ಸ್ತನದ ಅಳತೆ ಬದಲಾಗಲ್ಲ ಅಂದರು ಡಾಕ್ಟರ್.

ಕೆಲಸಕ್ಕೆ ಬಂದದ್ದು ನಿಮ್ಮಲ್ಲೊಬ್ಬರು ಹೇಳಿದ ಉಪಾಯ: ದೊಡ್ಡ ಬದಿಯ ಅಳತೆಗೆ ಬ್ರಾ ತಗೊಂಡು, ಇನ್ನೊಂದು ಕಪ್‌ನೊಳಗೆ ತೆಳು ಪ್ಯಾಡ್ ಇಡುವುದು. ಮೊದಲು ಬಲಗಡೆ ಬಟ್ಟೆ ಸುಕ್ಕುಗಟ್ಟುತ್ತಿತ್ತು, ಈಗ ಇಲ್ಲ.

ಸರ್ಜರಿಯಲ್ಲಿ ದೊಡ್ಡದನ್ನು ಕಮ್ಮಿ ಮಾಡಬಹುದು, ಇಲ್ಲವೇ ಚಿಕ್ಕದಕ್ಕೆ ಇಂಪ್ಲಾಂಟ್ (ಒಳಗೆ ಕೂರಿಸುವ ಕೃತಕ ಚೀಲ) ಅಥವಾ ನಮ್ಮದೇ ಮೈಯ ಕೊಬ್ಬು ಹಾಕಬಹುದು. ನನಗೆ ಸದ್ಯಕ್ಕೆ ಪ್ಯಾಡೇ ಸಾಕು.