ಅಪ್‌ಡೇಟ್: ಮೈಸೂರಲ್ಲಿ ಲೈವ್ ಜಾಝ್ ಎಲ್ಲಿ ಸಿಗುತ್ತೆ ಅಂತ ಕೇಳಿದ್ದೆನಲ್ಲ
ಇಲ್ಲೇ ಗೋಕುಲಂ ಕೆಫೆಗೆ ಹೋಗಿ ಅನ್ನೋ ಸಲಹೆ ಕೆಲಸಕ್ಕೆ ಬರಲಿಲ್ಲ. ಒಬ್ಬ ಹುಡುಗ ಗಿಟಾರ್ ಹಿಡಿದು ಸಿನಿಮಾ ಹಾಡು ಹಾಡ್ತಿದ್ದ. ಚೆನ್ನಾಗೇ ಹಾಡಿದ, ಆದ್ರೆ ಜಾಝ್ ಅಲ್ಲ. ಕೈ ಹಿಡಿದದ್ದು ಬೆಂಗಳೂರು ವೈಟ್‌ಫೀಲ್ಡ್‌ನ ವಿಂಡ್‌ಮಿಲ್ಸ್ ಅನ್ನೋ ಲೈವ್ ಜಾಝ್ ಪಬ್‌ಗೆ ಹೋಗಿ ಅಂದವರ ಮಾತು. ಮೊದಲೇ ಬುಕ್ ಮಾಡಿ, ವೇದಿಕೆ ಹತ್ತಿರವೇ ಕೂರಿ. ಡ್ರಮ್ಮರ್ ಕೋಲು ಕೆಳಗಿಟ್ಟು ತಂತಿ ಬ್ರಷ್‌ನಲ್ಲಿ ಸ್ನೇರ್ ಡ್ರಮ್ ಸವರೋ ಆ ಸರಸರ ಸದ್ದು ಹಿಂದಿನ ಸಾಲಿಗೆ ಕೇಳಲ್ಲ. ಒಬ್ಬೊಬ್ಬರ ಸೋಲೋ (ಒಬ್ಬರೇ ಮುಂದೆ ನಿಂತು ನುಡಿಸೋ ಸರದಿ) ಮುಗಿದಾಗಲೂ ಮಧ್ಯದಲ್ಲೇ ಚಪ್ಪಾಳೆ, ನಮ್ಮ ಸಂಗೀತ ಕಚೇರಿಯಲ್ಲಿ ಮೃದಂಗದ ತನಿ ಆವರ್ತನಕ್ಕೆ ತಟ್ಟೋ ಹಾಗೆ. ವಾಪಸ್ ಬರೋಕೆ ಸ್ಯಾಟಲೈಟ್ ನಿಲ್ದಾಣದಿಂದ ರಾತ್ರಿಯೂ ಬಸ್ಸಿದೆ.

ಇನ್ನೊಂದು ಗೊತ್ತಾಯ್ತು: ಕದ್ರಿ ಗೋಪಾಲನಾಥ್ ಸ್ಯಾಕ್ಸೊಫೋನಿಗೆ ಮನಸೋತದ್ದು ನಮ್ಮ ಅರಮನೆ ಬ್ಯಾಂಡ್ ಕೇಳಿಯೇ! ಆಮೇಲೆ 1980ರಲ್ಲಿ ಮುಂಬೈ ಜಾಝ್ ಉತ್ಸವದಲ್ಲಿ ಅಮೆರಿಕದ ಜಾಝ್ ಸ್ಯಾಕ್ಸೊಫೋನ್ ವಾದಕ ಜಾನ್ ಹ್ಯಾಂಡಿ ಜತೆ ನುಡಿಸಿದ್ರು.