270 ತಗೊಳ್ಳಲೋ, 280 ತಗೊಳ್ಳಲೋ: ತೋಟೆ ತುಂಬುವ ಮೇಜು ನೋಡಿ ಹೇಳ್ತೀನಿ

ನೀವು ಹೊಸನಗರ ಕಡೆಯವರು, ಈಗ ಅಮೆರಿಕದ ಕೊಲರಾಡೊದಲ್ಲಿ ಕೆಲಸ. ಅಲ್ಲಿ ಲೈಸೆನ್ಸ್ ಪಡೆದು ಜಿಂಕೆ, ಎಲ್ಕ್ (ಅಲ್ಲಿನ ದೊಡ್ಡ ಜಾತಿಯ ಜಿಂಕೆ) ಶಿಕಾರಿಗೆ ಹೋಗಬೇಕು. 270 ವಿಂಚೆಸ್ಟರ್, 280 ರೆಮಿಂಗ್ಟನ್, 30-06 ಇವುಗಳಲ್ಲಿ ಯಾವ ರೈಫಲ್ ಅಂತ ಕೇಳಿದ್ದೀರಿ. ಭಾವನ ಹತ್ತಿರ 270 ಇದೆ, ಖಾಲಿ ತೋಟೆಗೆ ಮತ್ತೆ ಮದ್ದು, ಗುಂಡು ತುಂಬುವ ಪ್ರೆಸ್ಸೂ ಅವರ ಮನೆಯಲ್ಲೇ ಇದೆ ಅಂದಿದ್ದೀರಿ. ತೀರ್ಥಹಳ್ಳಿಯ ತೋಟಕ್ಕೆ ವಾಪಸ್ ಬರುವ ಮೊದಲು ಆರು ವರ್ಷ ನಾನೂ ಅಮೆರಿಕದಲ್ಲಿದ್ದೆ. ನನ್ನದು 280, ಬಹಳ ಇಷ್ಟದ್ದು. ಆದರೂ ನಿಮಗೆ ಅದು ಬೇಡ.

ಮೂರೂ ಒಂದೇ ಬಳ್ಳಿಯ ಕಾಯಿ. 1906ರ 30-06, 1925ರ 270, 1957ರ 280. ಕೇಸಿನ (ತೋಟೆಯ ಹಿತ್ತಾಳೆ ಕೊಳವೆಯ) ಬುಡ ಮೂರಕ್ಕೂ ಒಂದೇ ಅಳತೆ; ಗುಂಡಿನ ದಪ್ಪ 7.82, 7.04, 7.21 ಮಿ.ಮೀ. ಜಿಂಕೆಗೆ ಯಾವುದಾದರೂ ಧಾರಾಳ ಸಾಕು. ಎಲ್ಕಿಗೆ 30-06ರ 180 ಗ್ರೇನ್ ಗುಂಡು ಒಂದು ಕೈ ಮೇಲು, ಒದೆತವೂ ಹಾಗೇ ಜಾಸ್ತಿ. (ಅಕ್ಕಸಾಲಿಗರ ಒಂದು ಗುಲಗಂಜಿ ಅಂದರೆ ಹತ್ತಿರ ಹತ್ತಿರ ಎರಡು ಗ್ರೇನ್. ಮದ್ದು ತೂಗುವಾಗ ಗ್ರೇನಿನ ಹತ್ತನೇ ಒಂದು ಪಾಲೂ ಲೆಕ್ಕಕ್ಕೆ ಬರುತ್ತೆ.)

ನನಗೆ ಪಾಠ ಆಗಿದ್ದು ಮೇಜಿನ ಮೇಲೆ. ಗೆಳೆಯನದು 270, ಇಬ್ಬರದೂ ಒಂದೇ ಪ್ರೆಸ್ಸು. ಒಂದು ರಾತ್ರಿ ಕೇಸುಗಳನ್ನು ತೊಳೆದು ಬಟ್ಟೆಯ ಮೇಲೆ ಹರವಿದ್ದೆವು. ಒಂದನ್ನು ನನ್ನ 280ರ ಡೈಗೆ (ಕೇಸನ್ನು ಅಳತೆಗೆ ತರುವ ಉಕ್ಕಿನ ಉಪಕರಣ) ಒತ್ತಿದಾಗ ಹಿಡಿ ಎಂದಿಗಿಂತ ಬಿಗಿ ಬಂತು. ತೆಗೆದು ಬುಡವನ್ನು ದೀಪಕ್ಕೆ ಹಿಡಿದರೆ 270 ಅಂತ ಅಚ್ಚು! ಈಗ ಅದರ ಕತ್ತು (ಗುಂಡು ಕೂರುವ ಬಾಯಿ) 280ರದ್ದು, ಹೆಗಲು (ಕತ್ತಿನ ಕೆಳಗಿನ ಇಳಿಜಾರು) 270ರದ್ದು.

280ರ ತೋಟೆ 270ರ ರೈಫಲಿಗೆ ಹೋಗಬಾರದು ಅಂತಲೇ ಅದರ ಹೆಗಲನ್ನು ಸುಮಾರು 1.3 ಮಿ.ಮೀ. ಮುಂದಕ್ಕೆ ಇಟ್ಟಿದ್ದಾರೆ. ಆದರೆ 270ರ ಕೇಸು 280ರ ರೈಫಲಿಗೆ ಹೋಗೋಕೆ ಈ ತಡೆ ಇಲ್ಲ. ಚೇಂಬರಿನಲ್ಲಿ (ರೈಫಲಿನಲ್ಲಿ ತೋಟೆ ಕೂರುವ ಗೂಡು) ಅಷ್ಟು ಜಾಗ ಖಾಲಿ ಉಳಿಯುತ್ತೆ, ಹೊಡೆದಾಗ ಹಿತ್ತಾಳೆ ಎಳೆದುಕೊಂಡು ಬುಡದ ಹತ್ತಿರ ಹರಿಯಬಹುದು, ಆ ಬೆಂಕಿಗಾಳಿ ನುಗ್ಗೋದು ಮುಖದ ಕಡೆ. ಆ ಕೇಸನ್ನು ಇಕ್ಕಳದಲ್ಲಿ ಜಜ್ಜಿ ಹಾಕಿದೆ. ಉಳಿದವನ್ನೆಲ್ಲ ಒಂದೊಂದೇ ತಿರುಗಿಸಿ ನೋಡಿದಾಗ ಇನ್ನೆರಡು ಸಿಕ್ಕವು.

ಹಾಗಾಗಿ ಭಾವನ ಹಾಗೇ 270 ತಗೊಳ್ಳಿ. ಡೈ, ಕೇಸು, ಗುಂಡು ಎಲ್ಲಾ ಒಂದೇ. 150 ಗ್ರೇನಿನ ಗಟ್ಟಿ ಗುಂಡು ಹಾಕಿ, ಹತ್ತಿರ ಹೋಗಿ ಎದೆಗೂಡಿಗೆ ಹೊಡೆದರೆ ಎಲ್ಕೂ ಬೀಳುತ್ತೆ. ಆದರೆ ಅವರ ರೈಫಲಿಗೆ ಕೂಡಿಬಂದ ಮದ್ದಿನ ಅಳತೆಯನ್ನು ಹಾಗೇ ನಕಲು ಮಾಡಬೇಡಿ. ಕೈಪಿಡಿಯಲ್ಲಿರೋ ಕನಿಷ್ಠ ಅಳತೆಯಿಂದಲೇ ಶುರು ಮಾಡಿ. ಎಲ್ಕೇ ಮುಖ್ಯ ಅನ್ನೋದಾದರೆ 30-06 ಆಗಬಹುದು, ಅದರ ಕತ್ತಿನ ದಪ್ಪ ಕಣ್ಣಿಗೇ ಕಾಣುತ್ತೆ, 270ರ ಜೊತೆ ಬೆರೆತರೂ ಗುರುತು ಸಿಗುತ್ತೆ.

ಊರಲ್ಲಿ ಇದ್ಯಾವುದೂ ನಡೆಯಲ್ಲ. 1972ರ ವನ್ಯಜೀವಿ ಕಾಯ್ದೆಯಂತೆ ಈಗ ಶಿಕಾರಿಗೆ ನಿಷೇಧ ಇದೆ. ಬೆಳೆ ಕಾಯೋಕೆ ಲೈಸೆನ್ಸ್ ಕೋವಿ ಇದ್ದರೂ, 1959ರ ಆಯುಧ ಕಾಯ್ದೆಯಂತೆ ತೋಟೆ ತಯಾರಿಸೋಕೆ ಬೇರೆಯೇ ಲೈಸೆನ್ಸ್ ಬೇಕು. ಆಯುಧಪೂಜೆಗೆ ಊರಿಗೆ ಬರೋವಾಗ ಶಿಕಾರಿಗೆ ಹಾಕಿದ್ದ ಜಾಕೆಟ್ಟಿನ ಜೇಬು, ಬ್ಯಾಗಿನ ಮೂಲೆ ಎರಡೆರಡು ಸಲ ತಡಕಿ. ಮರೆತ ಒಂದೇ ಒಂದು ತೋಟೆ ಸಿಕ್ಕರೂ ವಿಮಾನ ನಿಲ್ದಾಣದಲ್ಲೇ ಪೊಲೀಸ್ ಕೇಸಾಗುತ್ತೆ.